ಮೊದಲ ಚೊಂಬಿನ ನೀರು

ನಾನು ಬರೆಯುವ ಮೇಜಿನ ಮೇಲೆ ಕಾಗದ ಹಾರದಂತೆ ಒಂದು ಹಿತ್ತಾಳೆಯ ಬಿರಡೆ ಕುಳಿತಿದೆ. ಮೇಲಿನ ಬೆಳ್ಳಿಬಣ್ಣದ ಹೊಳಪು ಅರ್ಧಂಬರ್ಧ ಹೋಗಿದೆ. ಒಳಗಡೆ ತಿರುಪಿನ ಸುತ್ತುಗಳು ಇನ್ನೂ ಗಟ್ಟಿಯಾಗಿವೆ. ಮನೆಗೆ ಬಂದವರು ಯಾರೂ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡದೆ ಹೋದದ್ದಿಲ್ಲ. ಒಬ್ಬರು ಅದನ್ನು ಮಸಿಕುಡಿಕೆಯ ಮುಚ್ಚಳವೆಂದರು. ನಮ್ಮ ಪುರೋಹಿತರು ಯಾವುದೋ ಗಂಗಾಜಲದ ಗಿಂಡಿಯದೆಂದು ತೀರ್ಮಾನಿಸಿ ಕಣ್ಣಿಗೊತ್ತಿಕೊಂಡರು. ನಾನು ತಡೆಯಲಿಲ್ಲ. ಭಕ್ತಿಗೆ ಅಡ್ಡಬರುವುದು ನನ್ನ ಸ್ವಭಾವವಲ್ಲ. ಅಲ್ಲದೆ ಅದರಲ್ಲಿ ಜಲದ ಸಂಬಂಧವೇನೋ ಇದ್ದೇ ಇತ್ತು.

ಅದು ಮೋಟಾರು ಕಾರಿನ ರೇಡಿಯೇಟರಿನ ಮುಚ್ಚಳ. ಕಾರು ನನ್ನದಲ್ಲ. ನನ್ನದಾಗಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ. ಕಾರುಳ್ಳವರು ಪ್ರಬಂಧ ಬರೆದದ್ದನ್ನು ನಾನು ಕಂಡಿಲ್ಲ.

ಲೋಕದಲ್ಲಿ ಅಸೂಯೆಗೆ ವಸ್ತುಗಳ ಕೊರತೆಯಿಲ್ಲ. ಪಕ್ಕದ ಮನೆಯವರ ಹಸು ಎರಡು ಸೇರು ಹೆಚ್ಚು ಕರೆದರೆ ಹೊಟ್ಟೆ ಉರಿಯುತ್ತದೆ. ಜೊತೆಯ ಮೇಷ್ಟ್ರಿಗೆ ಬಡ್ತಿ ಬಂದರೆ ಉರಿಯುತ್ತದೆ. ಇವೆಲ್ಲ ಮರ್ಯಾದಸ್ಥರ ಅಸೂಯೆಗಳು. ನಾನು ಮಾತ್ರ ನನ್ನ ಯೌವನದ ನಾಲ್ಕು ವರ್ಷಗಳನ್ನು ಒಂದು ರೇಡಿಯೇಟರಿನ ಮೇಲೆ ಅಸೂಯೆಪಡುವುದರಲ್ಲಿ ಕಳೆದೆ. ಕಾರಿನ ಮೇಲಲ್ಲ, ಈ ವಿಷಯದಲ್ಲಿ ನಾನು ನಿಖರವಾಗಿರಬೇಕು. ಅದರ ದೀಪ, ತೊಗಲಿನ ಮೆತ್ತೆ, ಎಮ್ಮೆಕರು ಕೂಗಿದಂಥ ಹಾರನ್ನು, ಇವು ಯಾವುವೂ ನನ್ನನ್ನು ಅಲುಗಿಸಲಿಲ್ಲ. ಅದು ಕುಡಿಯುತ್ತಿದ್ದ ನೀರಿನ ಮೇಲೆ ನನ್ನ ಕಣ್ಣಿತ್ತು.

ರೇಡಿಯೇಟರ್ ಎಂದರೇನು ಎಂದು ಕೇಳುವ ಪುಣ್ಯವಂತರಿಗಾಗಿ ಒಂದು ಮಾತು. ಎಂಜಿನ್ನು ಒಂದು ಒಲೆ. ಆ ಒಲೆಯ ಸುತ್ತ ನೀರು ಓಡಾಡುತ್ತದೆ. ಬಿಸಿಯನ್ನೆಲ್ಲ ಹೊತ್ತುಕೊಂಡು, ಮೂತಿಯ ಬಳಿ ಜೇನುಹುಟ್ಟಿನಂತಿರುವ ಒಂದು ತಗಡಿನ ಪೆಟ್ಟಿಗೆಗೆ ಬಂದು, ಎರಡು ಗಳಿಗೆ ಗಾಳಿಗೆ ಮೈಯೊಡ್ಡಿ, ಮತ್ತೆ ಒಲೆಯ ಬಳಿಗೆ ಹೋಗುತ್ತದೆ. ಅಡಿಗೆಮನೆಗೂ ಹಿತ್ತಲಿಗೂ ನಡುವೆ ಓಡಾಡುವ ಸೊಸೆಯಂತೆ. ಸೊಸೆ ಕುಸಿದರೆ ಮನೆ ಕುಸಿದಂತೆ, ನೀರು ಬತ್ತಿದರೆ ಎಂಜಿನ್ನು ಹೋದಂತೆ. ಆ ಪೆಟ್ಟಿಗೆಯ ನೆತ್ತಿಯ ಮೇಲಿರುವುದೇ ಈ ಬಿರಡೆ.

ಆಗ ನಾನು ಮದ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ನನ್ನ ಹೆಂಡತಿ ಜಯಾಳ ತವರು ಮಳವಳ್ಳಿ. ಮಾವನವರು ತಾಲ್ಲೂಕು ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತರಾಗಿ, ಜಗಲಿಯ ಮೇಲೆ ಕೂತು ಊರಿನವರ ಅರ್ಜಿಗಳಲ್ಲಿ ತಪ್ಪು ಹುಡುಕುತ್ತಿದ್ದರು. ಅತ್ತೆಯವರು ಮಡಿಯ ಹೆಂಗಸು. ಅಳಿಯನೆದುರು ನಾಲ್ಕು ಮಾತಾಡಿದರೆ ಹೆಚ್ಚು. ಆದರೆ ಮಾತಿನಲ್ಲಿ ಹೇಳದ್ದನ್ನು ಅವರು ನೀರಿನಲ್ಲಿ ಹೇಳುತ್ತಿದ್ದರು. ನಾನು ಬಸ್ಸಿಳಿದು, ಧೂಳು ಮೆತ್ತಿದ ಕಾಲಿನಲ್ಲಿ ಆ ಮನೆಯ ಮೆಟ್ಟಿಲ ಬಳಿ ಬಂದು ನಿಂತೊಡನೆ, ಒಳಗಿನಿಂದ ತುಂಬಿದ ಹಿತ್ತಾಳೆ ಚೊಂಬು ಬರುತ್ತಿತ್ತು. ನಾನು ಜೋಡು ಬಿಟ್ಟು ಬಲಗಾಲು ಮುಂದೆ ಚಾಚುತ್ತಿದ್ದೆ. ಅತ್ತೆಯವರು ತಾವೇ ನೀರು ಹಾಕುತ್ತಿದ್ದರು. ಆಮೇಲೆ ಎಡಗಾಲು. ಆಮೇಲೆ ಬೆಲ್ಲ, ನೀರು. ಹಿರಿಯ ಅಳಿಯನೆಂದರೆ ಏನು ಎಂದು ತಿಳಿಯಲು ನಾನು ಯಾವ ಧರ್ಮಶಾಸ್ತ್ರವನ್ನೂ ಓದಬೇಕಾಗಿರಲಿಲ್ಲ. ನನ್ನ ಎರಡು ಪಾದಗಳಿಗೆ ಅದು ಗೊತ್ತಿತ್ತು.

ಹೀಗಿರುವಾಗ ಮಂಡ್ಯ ಜಿಲ್ಲೆಯಾಯಿತು. ಜಿಲ್ಲೆಯಾದ ಊರಿಗೆ ವಕೀಲರು ಬಂದರು. ಬಂದ ವಕೀಲರಲ್ಲಿ ಒಬ್ಬನಿಗೆ ಮಾವನವರು ಎರಡನೆಯ ಮಗಳನ್ನು ಕೊಟ್ಟರು. ಶೇಷಗಿರಿ ನನ್ನ ಷಡ್ಡಕನಾದ. ಒಳ್ಳೆಯ ಹುಡುಗ. ಅದೇ ಅವನಲ್ಲಿದ್ದ ದೊಡ್ಡ ದೋಷ. ಗರ್ವಿಯಾಗಿದ್ದರೆ ಸುಲಭವಾಗಿ ದ್ವೇಷಿಸಬಹುದಿತ್ತು. ಅವನು ಕಂಡಾಗಲೆಲ್ಲ "ಬನ್ನಿ ಭಾವ, ಕೂತ್ಕೊಳ್ಳಿ ಭಾವ" ಎಂದು ಎದ್ದು ನಿಲ್ಲುತ್ತಿದ್ದ. ಮದುವೆಯಾದ ವರ್ಷವೇ ಎರಡನೆಯ ಕೈಯ ಒಂದು ಕಾರು ಕೊಂಡ. ಅದನ್ನು ನಡೆಸಲು ಕೊಪ್ಪದ ಬೋರಯ್ಯನೆಂಬುವನನ್ನು ಇಟ್ಟುಕೊಂಡ.

ಆ ಕಾರು ಮಳವಳ್ಳಿಗೆ ಮೊದಲು ಬಂದ ದಿನ ನಾನೂ ಜಯಾಳೂ ಬಸ್ ಸ್ಟ್ಯಾಂಡಿನಿಂದ ಟ್ರಂಕು ಹೊರಿಸಿಕೊಂಡು ನಡೆದು ಬರುತ್ತಿದ್ದೆವು. ಬೀದಿಯ ತಿರುವಿನಲ್ಲಿ ಅದು ನಮ್ಮನ್ನು ದಾಟಿ, ನಮ್ಮಿಬ್ಬರ ಮೇಲೂ ಸಮನಾಗಿ ಧೂಳು ಹಂಚಿ ಮುಂದೆ ಹೋಯಿತು. ನಾವು ಮನೆ ತಲುಪುವ ವೇಳೆಗೆ ಎದುರಿನ ಹೊಂಗೆಮರದ ಕೆಳಗೆ ನಿಂತು ಬುಸುಗುಡುತ್ತಿತ್ತು. ಮೂತಿಯಿಂದ ಹಬೆ. ನಾನು ಜೋಡು ಬಿಟ್ಟೆ. ಒಳಗಿನಿಂದ ಚೊಂಬು ಬಂತು. ನಾನು ಬಲಗಾಲು ಚಾಚಿದೆ. ಅತ್ತೆಯವರು ಆ ಕಾಲಿನ ಪಕ್ಕದಿಂದ, ಅದು ಮೆಟ್ಟಿಲಿನ ಒಂದು ಭಾಗವೋ ಎಂಬಂತೆ, ಹಾದು ಹೊಂಗೆಮರದ ಕಡೆ ನಡೆದರು.

"ಅಯ್ಯೋ ಪಾಪ, ಹೇಗೆ ಏದುಸಿರು ಬಿಡ್ತಿದೆ! ಬಾಯಾರಿಕೆ ಇರಬೇಕು," ಎಂದರು.

"ಊಂ ಕಣ್ರವ್ವಾ," ಎಂದ ಬೋರಯ್ಯ. "ಮದ್ದೂರಿಂದ ಒಂದೇ ಉಸುರ್ಗೆ ಬಂದದೆ. ಆದ್ರೆ ಈಗ್ಲೇ ಉಯ್ಯಂಗಿಲ್ಲ. ಬಿಸಿ ಇದ್ದಾಗ ಮುಚ್ಚುಳ ಮುಟ್ಟುದ್ರೆ ಮಕ ಬೆಂದೋಯ್ತದೆ. ವಸಿ ತಡ್ಕಳಿ."

"ಎಷ್ಟು ಹೊತ್ತು?"

"ಒಂದು ಎಲೆಡ್ಕೆ ಅಗಿದು ಉಗಿಯೋಗಂಟ."

ಬೋರಯ್ಯ ನೆರಳಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಎಲೆಗೆ ಸುಣ್ಣ ಸವರಿದ. ಅತ್ತೆಯವರು ತುಂಬಿದ ಚೊಂಬು ಹಿಡಿದು ಕಾರಿನ ಮುಂದೆ ನಿಂತರು. ನಾನು ಕಾಲು ಚಾಚಿಕೊಂಡು ಮೆಟ್ಟಿಲ ಬಳಿ ನಿಂತೆ. ಜಯಾಳಿಗೆ ತಡೆಯಲಾಗಲಿಲ್ಲ.

"ಅಮ್ಮಾ, ಅಷ್ಟರಲ್ಲಿ ಇವರ ಕಾಲಿಗಾದರೂ ಹಾಕಬಾರದೇ?"

"ತಡಿಯೇ, ಅದು ಪಾಪ ನಿಂತ ಕಾಲಲ್ಲಿ ಕಾಯ್ತಿದೆ."

"ಇವರೂ ನಿಂತ ಕಾಲಲ್ಲೇ ಇದಾರೆ."

"ಇವರು ಮನೆಯವರು ಕಣೇ," ಎಂದರು ಅತ್ತೆಯವರು.

ಮನೆಯವರು! ಅಳಿಯನಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲವೆಂದು ಆಮೇಲೆ ನಾನು ನನಗೇ ಬಹಳ ಸಲ ಹೇಳಿಕೊಂಡೆ. ನನ್ನ ಬಲಗಾಲು ಮಾತ್ರ ಒಪ್ಪಲಿಲ್ಲ.

ಎಲೆಅಡಿಕೆ ಮುಗಿಯಿತು. ಬೋರಯ್ಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ. ಗೋಣಿತಾಟನ್ನು ನಾಲ್ಕು ಮಡಿಕೆ ಮಾಡಿ ಬಿರಡೆಯ ಮೇಲೆ ಹಾಕಿ, ಮುಖವನ್ನು ಆ ಕಡೆ ತಿರುಗಿಸಿ, ಕಾಲು ಸುತ್ತು ತಿರುಗಿಸಿದ. ಸ್ಸ್ ಎಂದಿತು. ಅದು ಸುಮ್ಮನಾಗುವವರೆಗೆ ತಾನೂ ಸುಮ್ಮನಿದ್ದ. ಆಮೇಲೆ ಪೂರ್ತಿ ತೆಗೆದು, ಎಂಜಿನ್ನನ್ನು ಮತ್ತೆ ಓಡಿಸಿ, ಚೊಂಬಿನ ನೀರನ್ನು ದಾರದಂತೆ ಇಳಿಬಿಟ್ಟ. "ಒಂದೇ ದಪ ಸುರುದ್ರೆ ಒಳಗ್ಲ ಬೀಡು ಕಬ್ಣ ಬಿರುಕು ಬುಟ್ಬುಡ್ತದೆ ಕಣ್ರವ್ವಾ. ಕಾದ ಕಾವ್ಲಿಗೆ ತಣ್ಣೀರು ಉಯ್ದಂಗೆ." ಅತ್ತೆಯವರು ತಲೆದೂಗಿದರು. ಕಾವಲಿಯ ಭಾಷೆಯಲ್ಲಿ ಹೇಳಿದ ಯಾವುದನ್ನೂ ಅವರು ಮರೆಯುವವರಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಕ್ಷಮಿಸುತ್ತಿದ್ದೆ. ಮುಂದಿನ ಸಲ ಬಂದಾಗ ಬೋರಯ್ಯ ಇನ್ನೊಂದು ಉಪದೇಶ ಮಾಡಿದ. ಹಿತ್ತಲ ಬಾವಿಯ ಗಡಸುನೀರು ಹಾಕಿದರೆ ಹಂಡೆಯೊಳಗೆ ಕಟ್ಟುವ ಬಿಳಿಯ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿ ದಾರಿ ಮುಚ್ಚುತ್ತದೆಯಂತೆ. ಅಂದಿನಿಂದ ಕಾರಿಗೆ ಬೀದಿಯ ಕೊನೆಯ ಬಾವಿಯಿಂದ ತಂದ ಸಿಹಿನೀರು, ಬಿಳಿಬಟ್ಟೆಯಲ್ಲಿ ಶೋಧಿಸಿದ್ದು. ದೇವರ ಅಭಿಷೇಕಕ್ಕೆ, ಕುಡಿಯುವುದಕ್ಕೆ, ಕಾರಿಗೆ. ನನ್ನ ಕಾಲಿಗೆ? "ಹಿತ್ತಲ ತೊಟ್ಟಿಲಿ ನೀರಿದೆಯಲ್ಲ," ಎಂದು ಜಯಾಳ ಮೂಲಕ ಹೇಳಿಕಳುಹಿಸಲಾಯಿತು. ನಾನು ಹಿತ್ತಲಿಗೆ ಹೋಗಿ ನನ್ನ ಕಾಲನ್ನು ನಾನೇ ತೊಳೆದುಕೊಂಡೆ. ಆ ನೀರಿನಿಂದ ನನ್ನ ಪಾದಗಳಲ್ಲಿ ಎಷ್ಟು ಪದರ ಕಟ್ಟಿತೋ ಯಾರೂ ವಿಚಾರಿಸಲಿಲ್ಲ.

ಆಗ ನಾನೊಂದು ನಿರ್ಧಾರಕ್ಕೆ ಬಂದೆ. ಶತ್ರುವನ್ನು ಅಭ್ಯಾಸ ಮಾಡಬೇಕು. ನಮ್ಮ ಶಾಲೆಯ ಬೀರುವಿನಲ್ಲಿ ಮೋಟಾರು ಯಂತ್ರಗಳ ಮೇಲೆ ಒಂದು ಇಂಗ್ಲಿಷ್ ಪುಸ್ತಕವಿತ್ತು. ಇಲಿಗಳು ಪೀಠಿಕೆಯನ್ನಷ್ಟೇ ಓದಿದ್ದವು. ಉಳಿದದ್ದನ್ನು ನಾನು ಓದಿದೆ. ಫ್ಯಾನಿನ ಬೆಲ್ಟನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಎಷ್ಟು ಬಗ್ಗಬೇಕು, ರಬ್ಬರು ಕೊಳವೆ ಎಲ್ಲಿ ಬಿರಿಯುತ್ತದೆ, ಎಷ್ಟು ತಿಂಗಳಿಗೊಮ್ಮೆ ಹಳೆಯ ನೀರನ್ನು ಬಸಿದು ಸೋಡದ ನೀರಿನಲ್ಲಿ ತೊಳೆಯಬೇಕು, ಎಲ್ಲ ಬಾಯಿಪಾಠವಾಯಿತು. ಮುಂದಿನ ಸಲ ಮಳವಳ್ಳಿಯ ಜಗಲಿಯ ಮೇಲೆ ಮಾವನವರ ಎದುರು ಅರ್ಧ ಗಂಟೆ ಉಪನ್ಯಾಸ ಮಾಡಿದೆ. ಮಾವನವರು ಕೈಯಲ್ಲಿದ್ದ ಅರ್ಜಿ ಕೆಳಗಿಟ್ಟು, ಕಣ್ಣುಮುಚ್ಚಿ, ಪೂರ್ತಿ ಕೇಳಿದರು. ಕೊನೆಗೆ ಅಂದರು:

"ಎಲ್ಲ ಸರಿ. ಇದಕ್ಕೆ ಬೋರಯ್ಯ ಏನಂತಾನೆ?"

ನನ್ನ ಪಾಂಡಿತ್ಯವನ್ನು ಅಂದು ಬಸಿದು ತೊಳೆದ ಹಾಗಾಯಿತು.

ಈಗ ಮುಖ್ಯ ಘಟನೆಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಾಡಿದ್ದು ಅದನ್ನು ಹೇಳುವ ಧೈರ್ಯ ಬರಲೆಂದು.

ಯುದ್ಧ ಶುರುವಾಗಿದ್ದರೂ ಪೆಟ್ರೋಲಿಗೆ ಇನ್ನೂ ಕೂಪನ್ನು ಬಂದಿರಲಿಲ್ಲ. ಅತ್ತೆ ಮಾವ ರಾಮೇಶ್ವರಕ್ಕೆ ಹೊರಟರು. ಅತ್ತೆಯವರ ಇಪ್ಪತ್ತು ವರ್ಷದ ಹರಕೆ. ಮಳವಳ್ಳಿಯಿಂದ ಮದ್ದೂರು ಸ್ಟೇಷನ್ನಿಗೆ ಶೇಷಗಿರಿಯ ಕಾರು, ಅಲ್ಲಿಂದ ರೈಲು. ನಾನು ಗಂಟುಮೂಟೆ ಕಟ್ಟಿಸಲೆಂದು ಹಿಂದಿನ ದಿನವೇ ಹೋಗಿದ್ದೆ. ಹಾಸಿಗೆ ಸುರುಳಿ, ಅವಲಕ್ಕಿ ಚೀಲ, ಎಲ್ಲಕ್ಕಿಂತ ಮುಖ್ಯವಾಗಿ ಅತ್ತೆಯವರ ತಿರುಪಿನ ಮುಚ್ಚಳದ ತಾಮ್ರದ ಕೂಜ. ದಾರಿಯಲ್ಲಿ ಸ್ಟೇಷನ್ನಿನ ಕೊಳಾಯಿ ನೀರು ಅವರು ಮುಟ್ಟುವವರಲ್ಲ. ಆ ಕೂಜದಲ್ಲಿ ತುಂಬಿಸಿದ ಮನೆಯ ಸಿಹಿನೀರೇ ಆ ಪ್ರಯಾಣದುದ್ದಕ್ಕೂ ಅವರ ಪಾಲಿನ ಆಧಾರ.

ಬೆಳಿಗ್ಗೆ ಬೋರಯ್ಯ ಕಾರಿನ ಅಡಿಯಲ್ಲಿ ಬಗ್ಗಿ ನೋಡಿ ತಲೆ ಕೆರೆದುಕೊಂಡ. ರೇಡಿಯೇಟರಿನ ಬುಡದಿಂದ ಒಂದೊಂದೇ ಹನಿ.

"ಎದ್ರುಕಬ್ಯಾಡಿ. ಅವ್ವಾ, ಒಂದು ಚಮ್ಚ ಅರಿಸಿನ ಕೊಡಿ. ತೂತಲ್ಲಿ ಓಗಿ ಕೂತ್ಕತದೆ. ಮಂಡ್ಯಕ್ಕೆ ಓಯ್ತಿದ್ದಂಗೆ ಬೆಸ್ಗೆ ಆಕುಸ್ತೀನಿ."

ಅತ್ತೆಯವರು ಅಡಿಗೆಮನೆಯ ಅರಿಸಿನ ತರಲಿಲ್ಲ. ದೇವರಮನೆಗೆ ಹೋಗಿ ಬೆಳ್ಳಿಯ ಬಟ್ಟಲಿನಿಂದ ತಂದರು. ನೀರಾಯಿತು, ಶೋಧಿಸಿದ್ದಾಯಿತು, ಈಗ ಮಂಗಳದ್ರವ್ಯ! ಇನ್ನು ಉಳಿದದ್ದು ಆರತಿಯೊಂದೇ. ಬೋರಯ್ಯ ಅರಿಸಿನ ಕದಡಿ ಹಾಕಿ, ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದ. "ಇನ್ನು ಯಾರೂ ಮುಟ್ಬ್ಯಾಡಿ," ಎಂದು ಹೇಳಿ ತಿಂಡಿಗೆ ಹೋದ. ಶೇಷಗಿರಿ ಸ್ನಾನಕ್ಕೆ ಹೋದ.

ನಾನು ಒಬ್ಬನೇ ಹೊಂಗೆಮರದ ಕೆಳಗೆ ಉಳಿದೆ. ಎಂಜಿನ್ನು ಆರುವವರೆಗೂ ನೋಡುತ್ತ ನಿಂತಿದ್ದೆ. ಆಗ ನನ್ನ ಕಣ್ಣೆದುರಿಗೇ ಇನ್ನೊಂದು ಹನಿ ಬಿತ್ತು. ಒಂದೇ ಹನಿ. ಅದು ಕೊನೆಯ ಹನಿಯೂ ಆಗಿದ್ದಿರಬಹುದು. ಆದರೆ ಅಸೂಯೆಪಡುವವನಿಗೆ ಎದುರಾಳಿಯ ಒಂದು ಹನಿ ತಪ್ಪೂ ಸಮುದ್ರ. ಬೋರಯ್ಯನ ಅರಿಸಿನ ಸೋತಿದೆ! ಈಗ ಈ ಕಾರನ್ನು ಕಾಪಾಡಿದವನು ಯಾರು? ಹಿರಿಯ ಅಳಿಯ. ಮಾವನವರು ಇನ್ನು ಮೇಲೆ ಕೇಳಬೇಕು: "ಬೋರಯ್ಯಾ, ನೀನು ಹೇಳೋದು ಸರಿ, ಇದಕ್ಕೆ ನಮ್ಮ ಮೇಷ್ಟ್ರು ಏನಂತಾರೆ?"

ನಮ್ಮ ಶಾಲೆಯಲ್ಲಿ ಹರಿದ ಭೂಪಟಗಳನ್ನು ಬಟ್ಟೆಗೆ ಅಂಟಿಸಲು ರಾಗಿಹಿಟ್ಟಿನ ಅಂಟು ಕಾಯಿಸುತ್ತಿದ್ದೆವು. ಹಿಮಾಲಯವನ್ನು ಹಿಂದೂಸ್ತಾನಕ್ಕೆ ಆರು ವರ್ಷ ಹಿಡಿದಿಟ್ಟ ಅಂಟು ಅದು. ಒಂದು ತೂತನ್ನು ಹಿಡಿಯಲಾರದೇ? ಅಡಿಗೆಮನೆಯ ಹೊರಗೆ, ಗದ್ದೆಯ ಆಳುಗಳಿಗೆಂದು ಇಟ್ಟಿದ್ದ ಹಿಟ್ಟಿನ ಡಬ್ಬವಿತ್ತು. ಎರಡು ಹಿಡಿ ತೆಗೆದೆ. ಸಾಲದೆನಿಸಿ ಮೂರನೆಯದನ್ನೂ ತೆಗೆದೆ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಬಿರಡೆ ತೆಗೆದು ಹುಯ್ದು, ಬಿರಡೆ ಹಾಕಿ, ಕೈ ತೊಳೆದುಕೊಂಡು ಜಗಲಿಗೆ ಬಂದು ಪಂಚಾಂಗ ಓದುತ್ತ ಕೂತೆ.

ಹನಿ ನಿಂತಿತು. ಶೇಷಗಿರಿ ಬಗ್ಗಿ ನೋಡಿ, "ಭೇಷ್ ಬೋರಯ್ಯ!" ಎಂದ. ನಾನು ಪಂಚಾಂಗದಿಂದ ತಲೆಯೆತ್ತಲಿಲ್ಲ. ನಿಜವಾದ ಕಲಾವಿದ ಚಪ್ಪಾಳೆಗೆ ಆತುರಪಡುವುದಿಲ್ಲ.

ಈಗ ನೀವು ಕೇಳಬಹುದು: ಮಂಡ್ಯ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ, ಕಾದ ನೀರಿನಲ್ಲಿ ರಾಗಿಹಿಟ್ಟು ಏನಾಗುತ್ತದೆಂದು ತಿಳಿಯದೇ? ಈ ಪ್ರಶ್ನೆಯನ್ನು ನನಗೆ ಅನೇಕರು, ಅನೇಕ ವರ್ಷ, ಅನೇಕ ಧ್ವನಿಗಳಲ್ಲಿ ಕೇಳಿದ್ದಾರೆ. ನನ್ನ ಉತ್ತರ ಒಂದೇ. ನಾನು ಮುದ್ದೆ ತಿಂದವನು, ತೊಳಸಿದವನಲ್ಲ.

ಮಳವಳ್ಳಿ ಬಿಟ್ಟು ಆರೇಳು ಮೈಲಿ ಕಾರು ಸುಖವಾಗಿ ಹೋಯಿತು. ಮುಂದೆ ಶೇಷಗಿರಿ, ಬೋರಯ್ಯ. ಹಿಂದೆ ನಾವು ಮೂವರು. ಆಮೇಲೆ ಒಂದು ದಿನ್ನೆ ಹತ್ತುವಾಗ ಬೋರಯ್ಯ ಮೂಗು ಅರಳಿಸಿದ. ಬಾನೆಟ್ಟಿನ ಸಂದಿನಿಂದ ಹಬೆ ಬರತೊಡಗಿತು. ದಿನ್ನೆಯ ತಲೆಯ ಮೇಲೆ ಕಾರು ನಿಂತಿತು. ಎರಡು ಕಡೆಯೂ ಕಬ್ಬಿನ ಗದ್ದೆ. ಸ್ವಲ್ಪ ದೂರದಲ್ಲಿ ನಾಲೆ. ಮಾವನವರು ಗಡಿಯಾರ ತೆಗೆದು ನೋಡಿದರು.

"ರೈಲು ಸಿಗುತ್ತೇನಪ್ಪಾ?"

"ಸಿಗ್ತದೆ ಬುದ್ದಿ. ವಸಿ ಆರ್ಲಿ, ನಾಲೆ ನೀರು ತತ್ತೀನಿ. ನಾ ಬರೋಗಂಟ ಯಾರೂ ಮುಚ್ಚುಳ ಮುಟ್ಬ್ಯಾಡಿ," ಎಂದು ಬೋರಯ್ಯ ತಗಡಿನ ಡಬ್ಬ ಹಿಡಿದು ಇಳಿದ. ಶೇಷಗಿರಿ ಇನ್ನೊಂದು ಡಬ್ಬ ಹಿಡಿದು ಹಿಂದೆ ಹೋದ. ಅತ್ತೆಯವರು ಕೂಜವನ್ನು ಮಡಿಲಲ್ಲಿಟ್ಟುಕೊಂಡು ದಾರಿಬದಿಯ ಬೇವಿನ ನೆರಳಲ್ಲಿ ಕೂತರು.

ನಾನು ಕಾರಿನ ಮುಂದೆ ನಿಂತೆ. ಹಬೆಯ ಜೊತೆ ಒಂದು ವಾಸನೆ ಬರುತ್ತಿತ್ತು. ಬಾಲ್ಯದಿಂದ ಪರಿಚಿತವಾದ, ಅಲ್ಲಿ ಬರಬಾರದಾಗಿದ್ದ, ಹಸಿವನ್ನು ಕೆರಳಿಸುವ ವಾಸನೆ. ಬೋರಯ್ಯ ಬಂದು ಬಿರಡೆ ತೆಗೆದರೆ ಎಲ್ಲವೂ ಬಯಲಾಗುತ್ತದೆ. ಅವನಿಗಿಂತ ಮೊದಲು ನಾನೇ ತೆಗೆದು, ಮೇಲಿರುವುದನ್ನು ಒಂದಿಷ್ಟು ಬಳಿದುಹಾಕಿದರೆ? ಪುಸ್ತಕದ ಎಂಟನೆಯ ಅಧ್ಯಾಯ ಪೂರ್ತಿ ನನಗೆ ಬಾಯಿಗೆ ಬರುತ್ತಿತ್ತು. ಬಿಸಿಯಿದ್ದಾಗ ತೆಗೆಯಕೂಡದು. ದಪ್ಪ ಬಟ್ಟೆ ಹಾಕಬೇಕು. ಕಾಲು ಸುತ್ತು ತಿರುಗಿಸಿ ಕಾಯಬೇಕು. ಮುಖ ತಿರುಗಿಸಿಕೊಳ್ಳಬೇಕು. ಇದರಲ್ಲಿ ಕೊನೆಯದೊಂದನ್ನು ಪಾಲಿಸಿದೆ. ಅದೂ ಅತ್ತೆಯವರು ನೋಡುತ್ತಿದ್ದಾರೆಯೇ ಎಂದು ಹಿಂದಿರುಗಿ ನೋಡಿದ್ದರಿಂದ. ಒಂಟಿ ಮಡಿಕೆಯ ಅಂಗವಸ್ತ್ರ ಹಾಕಿ ಬಿರಡೆಯನ್ನು ಪೂರ್ತಿ ತಿರುಗಿಸಿಬಿಟ್ಟೆ.

ಆಮೇಲಿನದನ್ನು ವರ್ಣಿಸಲು ನನ್ನಲ್ಲಿ ಶಬ್ದಗಳಿಲ್ಲ. ಆಗ ಇದ್ದ ಶಬ್ದಗಳನ್ನು ಅಚ್ಚು ಮಾಡಿಸುವಂತಿಲ್ಲ. ಬಿರಡೆ ಹಾರಿತು. ಹಿಂದೆಯೇ ಕುದಿಯುವ ರಾಗಿ ಅಂಬಲಿ ಎದ್ದು ನನ್ನ ಬಲ ಅಂಗೈಯನ್ನೂ ಮಣಿಕಟ್ಟನ್ನೂ ಆವರಿಸಿತು. ಬರಿಯ ನೀರಾಗಿದ್ದರೆ ಜಾರಿಹೋಗುತ್ತಿತ್ತು. ಹಿಮಾಲಯವನ್ನು ಹಿಡಿದ ಅಂಟು, ನನ್ನ ಕೈಯನ್ನು ಬಿಡುತ್ತದೆಯೇ? ನಾನು ಕೂಗಿಕೊಂಡೆ.

ಯಾರೋ ನನ್ನ ತೋಳು ಹಿಡಿದರು. ಮಡಿಯುಟ್ಟು ಹೊರಟಿದ್ದ ಅತ್ತೆಯವರು! ಇನ್ನೊಂದು ಕೈಯಲ್ಲಿ ಕೂಜದ ತಿರುಪು ಬಿಚ್ಚಿ ನೀರು ಹುಯ್ಯತೊಡಗಿದ್ದರು.

"ಅತ್ತೆ, ಬೇಡಿ, ಅದು ನಿಮ್ಮ ಕುಡಿಯೋ ನೀರು..."

"ಬಾಯಿ ಮುಚ್ಚಿಕೊಂಡು ಕೈ ಹಿಡೀರಿ."

ಹತ್ತು ವರ್ಷದಲ್ಲಿ ಅವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ಕೂಜದ ನೀರು ಕೊನೆಯ ಹನಿಯವರೆಗೂ ನನ್ನ ಕೈಮೇಲೆ ಇಳಿಯಿತು. ಶೋಧಿಸಿದ ಸಿಹಿನೀರು. ಪಕ್ಕದಲ್ಲಿ ಕಾರು ಏದುಸಿರು ಬಿಡುತ್ತ, ಬಾಯಿ ತೆರೆದುಕೊಂಡು ನಿಂತಿತ್ತು. ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಇಷ್ಟು ದಿನ ನಾನು ಬಯಸಿದ್ದು ಅದೇ. ಆದರೆ ಅದನ್ನು ಸವಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಬೋರಯ್ಯ ಓಡಿಬಂದ. ಬಾನೆಟ್ಟಿನ ಮೇಲೆ ಚೆಲ್ಲಿದ್ದರಲ್ಲಿ ಒಂದು ಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ, ಮೂಸಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಇಟ್ಟು ಚೆಂದಾಗಿ ಬೆಂದದೆ ಕಣೇಳಿ ಮೇಷ್ಟ್ರೇ," ಎಂದ. "ಇನ್ನು ಉಪ್ಸಾರೊಂದು ಬಾಕಿ."

ಮಾವನವರು ಗಡಿಯಾರವನ್ನು ಜೇಬಿಗೆ ಹಾಕಿದರು. ಶೇಷಗಿರಿ ವಕೀಲ, ಪಾಟೀಸವಾಲು ಹಾಕಿದ್ದರೆ ನಾನು ಎರಡೇ ಪ್ರಶ್ನೆಗೆ ಬಿದ್ದುಹೋಗುತ್ತಿದ್ದೆ. ಅವನು ಹಾಳಾದ ಕಾರನ್ನು ನೋಡಿದ, ನನ್ನನ್ನು ನೋಡಿದ. ಕೇಳಿದ್ದು ಒಂದೇ:

"ಭಾವ, ಕೈ ತುಂಬ ಉರೀತಿದೆಯಾ?"

ಕೈಗಿಂತ ಅದೇ ಹೆಚ್ಚು ಉರಿಯಿತು.

ಕಬ್ಬು ಇಳಿಸಿ ಮರಳುತ್ತಿದ್ದ ಒಂದು ಎತ್ತಿನ ಗಾಡಿ ನಮ್ಮನ್ನು ಮದ್ದೂರು ಮುಟ್ಟಿಸಿತು. ದಾರಿಯಲ್ಲಿ ಮಾವನವರು ಎಳನೀರು ಕೊಡಿಸುತ್ತೇನೆಂದರೆ ಅತ್ತೆಯವರು, "ಹೊತ್ತಾಗತ್ತೆ, ನಡೀರಿ," ಎಂದರು. ಅವರ ತುಟಿ ಒಣಗಿತ್ತು. ಖಾಲಿ ಕೂಜ ಗಾಡಿಯ ಕುಲುಕಾಟಕ್ಕೆ ನನ್ನ ಮೊಣಕಾಲಿಗೆ ಬಡಿಯುತ್ತಲೇ ಇತ್ತು. ನಾವು ತಲುಪುವ ಹೊತ್ತಿಗೆ ರೈಲು ಹನಕೆರೆಯನ್ನೂ ಮದ್ದೂರನ್ನೂ ಬಿಟ್ಟು ಬಹಳ ದೂರ ಹೋಗಿತ್ತು. ಮುಂದಿನದು ಸಂಜೆಗೆ. ಎಲ್ಲರೂ ನಮ್ಮ ಬಾಡಿಗೆ ಮನೆಗೆ ಬಂದೆವು. ಜಯಾ ಲೋಳೆಸರ ಕುಯ್ದು ತಂದು ನನ್ನ ಕೈಗೆ ಹಚ್ಚುತ್ತ ಕಥೆಯೆಲ್ಲ ಕೇಳಿದಳು. ಕೇಳಿ ಮುಗಿಸಿ, ಬಹಳ ಯೋಚಿಸಿ, "ಅಲ್ರೀ, ತೊಳಸೋರಿಲ್ಲದೆ ಹಿಟ್ಟು ಕುದಿಸಿದರೆ ತಳ ಹಿಡೀದೆ ಇನ್ನೇನಾಗತ್ತೆ?" ಎಂದಳು. ಪುಸ್ತಕದಲ್ಲಿ ಈ ಅಂಶವಿರಲಿಲ್ಲ.

ಸಂಜೆ ಅತ್ತೆಯವರು ಬಾವಿಕಟ್ಟೆಯ ಬಳಿ ಕೂಜ ತೊಳೆಯುತ್ತಿದ್ದರು. ನಾನು ಕಟ್ಟಿದ ಕೈ ಹೊತ್ತುಕೊಂಡು ಹೋಗಿ ನಿಂತೆ.

"ಅತ್ತೆ, ನಮ್ಮ ಬಾವಿ ನೀರು ಬಹಳ ಗಡಸು. ಹಂಡೆಯಲ್ಲಿ ಬೆರಳುದಪ್ಪ ಪದರ ಕಟ್ಟುತ್ತೆ. ಎಲ್ಲಾದರೂ ಸಿಹಿನೀರು ತರಿಸುತ್ತೇನೆ."

ಅವರು ತಲೆಯೆತ್ತದೆ ಕೂಜ ತುಂಬಿಸಿ, ತಿರುಪು ಬಿಗಿ ಮಾಡಿದರು.

"ನನ್ನ ಹೊಟ್ಟೆ ಏನು ರೇಡಿಯೇಟರೇ, ಪದರ ಕಟ್ಟೋಕೆ?"

ಆ ಕಾರಿಗೆ ಆಗದ, ಹಂಡೆಗೆ ಆಗದ ನನ್ನ ಮನೆಯ ಬಾವಿಯ ನೀರು ಹಾಗೆ ರಾಮೇಶ್ವರಕ್ಕೆ ಹೋಯಿತು.

ಇದರಿಂದ ನನ್ನ ಅಸೂಯೆ ಕಳೆಯಿತೆಂದು ಬರೆದರೆ ಪ್ರಬಂಧಕ್ಕೆ ಒಳ್ಳೆಯದು, ಸತ್ಯಕ್ಕೆ ಕೆಟ್ಟದ್ದು. ಮಂಡ್ಯದ ಒಬ್ಬ ಮೇಸ್ತ್ರಿ ರೇಡಿಯೇಟರನ್ನು ಕಳಚಿ, ತಂತಿ ಹಾಕಿ ಕೆದಕಿ, ನಾಲ್ಕು ದಿನದಲ್ಲಿ ಸರಿಮಾಡಿಕೊಟ್ಟ. ಕಾರು ಮತ್ತೆ ಮಳವಳ್ಳಿಗೆ ಬಂತು. ಮೊದಲ ಚೊಂಬು ಮತ್ತೆ ಹೊಂಗೆಮರದ ಕೆಳಗೇ ಹೋಯಿತು. ನಾನು ಮತ್ತೆ ಉರಿದುಕೊಂಡೆ. ಒಂದೇ ವ್ಯತ್ಯಾಸವೆಂದರೆ, ನಾನಿರುವ ದಿನ ಬೋರಯ್ಯ ಊಟಕ್ಕೆ ಕೂತರೂ ಬಿರಡೆಯನ್ನು ಬಿಚ್ಚಿ ತಂದು ಎಲೆಯ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದ.

ಮುಂದೆ ಪೆಟ್ರೋಲಿಗೆ ಕೂಪನ್ನು ಬಂತು. ಕಾರು ವರ್ಷದಲ್ಲಿ ಹತ್ತು ತಿಂಗಳು ಕೊಟ್ಟಿಗೆಯಲ್ಲಿ ನಿಂತು, ಕೊನೆಗೆ ಮೈಸೂರಿನ ಯಾರಿಗೋ ಮಾರಾಟವಾಯಿತು. ಬೋರಯ್ಯ ಬಸ್ಸು ನಡೆಸಲು ಹೋದ. ಶೇಷಗಿರಿ ನಮ್ಮ ಮನೆಗೆ ಬಂದು ಒಂದು ಕಾಗದದ ಪೊಟ್ಟಣ ಕೊಟ್ಟ. "ಕೊಂಡವರಿಗೆ ಬೇರೆ ಮುಚ್ಚಳ ಹಾಕಿಸಿಕೊಟ್ಟೆ. ಇದು ನಿಮ್ಮ ಹತ್ತಿರವೇ ಇರಲಿ ಭಾವ," ಎಂದ. ವ್ಯಂಗ್ಯವೇನೋ ಎಂದು ಅವನ ಮುಖದಲ್ಲಿ ಬಹಳ ಹುಡುಕಿದೆ. ಸಿಕ್ಕಲಿಲ್ಲ. ಹೇಳಿದೆನಲ್ಲ, ಅದೇ ಅವನಲ್ಲಿದ್ದ ದೋಷ.

ಆ ವರ್ಷದ ದೀಪಾವಳಿಗೆ ನಾವಿಬ್ಬರು ಷಡ್ಡಕರೂ ಮಳವಳ್ಳಿಗೆ ಒಂದೇ ಬಸ್ಸಿನಲ್ಲಿ ಹೋದೆವು. ಇದ್ದಿಲಿನ ಗ್ಯಾಸಿನಿಂದ ನಡೆಯುವ ಬಸ್ಸು. ದಿನ್ನೆ ಬಂದಲ್ಲೆಲ್ಲ ಇಳಿದು ತಳ್ಳಿ, ಇಳಿಯುವಲ್ಲೆಲ್ಲ ಹತ್ತಿ, ಮೂಗಿನ ತುದಿಯವರೆಗೆ ಮಸಿ ಬಳಿದುಕೊಂಡು ಮನೆ ಮುಟ್ಟಿದಾಗ ನಮ್ಮಲ್ಲಿ ವಕೀಲ ಯಾರು, ಮೇಷ್ಟ್ರು ಯಾರು ಎಂದು ತಿಳಿಯುವಂತಿರಲಿಲ್ಲ. ನನ್ನ ಮನಸ್ಸು ಮಾತ್ರ ಹಗುರವಾಗಿತ್ತು. ಇಂದು ಕಾರಿಲ್ಲ. ನಾನು ಹಿರಿಯ. ಧರ್ಮ ಸ್ಪಷ್ಟವಾಗಿದೆ.

"ಅಮ್ಮಾ, ಮಂಡ್ಯದವರೂ ಬಂದ್ರು," ಎಂದು ಮುಂಚೆಯೇ ಬಂದಿದ್ದ ಜಯಾ ಒಳಗೆ ಕೂಗಿದಳು.

ಚೊಂಬು ಬಂತು. ಅತ್ತೆಯವರಿಗೆ ಆ ವೇಳೆಗೆ ಕಣ್ಣು ಮಂಜಾಗಿತ್ತು. ಭುಜದ ಮೇಲೆ ಶೋಧಿಸುವ ಬಿಳಿಬಟ್ಟೆ ಹಾಗೇ ಇತ್ತು. ನಾನು ಬಲಗಾಲು ಚಾಚಿದೆ. ಪಕ್ಕದಲ್ಲಿ ಶೇಷಗಿರಿಯೂ ಸಂಕೋಚದಿಂದ ಒಂದು ಕಾಲು ಚಾಚಿದ. ಅತ್ತೆಯವರು ಮೆಟ್ಟಿಲಿಳಿದು, ನಮ್ಮಿಬ್ಬರ ಕಾಲುಗಳ ನಡುವಿನಿಂದ ಹಾದು, ನೆಟ್ಟಗೆ ಹೊಂಗೆಮರದ ಕಡೆ ನಡೆದರು. ಅಲ್ಲಿ ನಿಂತು, ಎಲೆಅಡಿಕೆ ಅಗಿಯುವಷ್ಟು ಹೊತ್ತು ಕಾದರು. ಆಮೇಲೆ ಎಡಗೈ ಚಾಚಿ ಗಾಳಿಯಲ್ಲಿ ಏನನ್ನೋ ತಡವಿದರು. ಅಲ್ಲೇನೂ ಇರಲಿಲ್ಲ.

ನಾನು ಶೇಷಗಿರಿಯ ಮುಖ ನೋಡಿದೆ. ಮಸಿಯ ಕೆಳಗೆ, ನಾಲ್ಕು ವರ್ಷ ನಾನು ಕನ್ನಡಿಯಲ್ಲಿ ಕಂಡಿದ್ದ ಮುಖ ಅಲ್ಲಿತ್ತು.

"ಬರಲಿಲ್ಲವೇ ಅದು? ಮಾರಿದ್ದು ಮರೆತೇಹೋಗಿತ್ತು," ಎಂದರು ಅತ್ತೆಯವರು, ಯಾರಿಗೂ ಅಲ್ಲದಂತೆ. "ತಂದ ನೀರನ್ನು ವಾಪಸು ತಗೊಂಡು ಹೋಗಬಾರದು. ಪಾಪ, ಇದಕ್ಕೂ ಬಾಯಾರಿರತ್ತೆ." ಚೊಂಬನ್ನು ಬಗ್ಗಿಸಿ, ಬೋರಯ್ಯ ಹೇಳಿಕೊಟ್ಟಂತೆಯೇ ದಾರದ ಹಾಗೆ, ಒಂದಿಷ್ಟೂ ಆತುರವಿಲ್ಲದೆ ಮರದ ಬುಡಕ್ಕೆ ಹುಯ್ಯತೊಡಗಿದರು.

ಒಂದೊಂದು ಕಾಲು ಚಾಚಿಕೊಂಡು, ನಾವಿಬ್ಬರು ಅಳಿಯಂದಿರೂ ಆ ಹೊಂಗೆಮರದ ಮೇಲೆ ಅಸೂಯೆಪಡುತ್ತ ನಿಂತೆವು.